ಮಹಮೂದ್ ತಾಹಾ: ಕುರಾನ್‌ನಲ್ಲೇ ಮಾನವ ಹಕ್ಕು ಕಂಡು ಗಲ್ಲಿಗೇರಿದ ಎಂಜಿನಿಯರ್

1985ರ ಜನವರಿ 18, ಶುಕ್ರವಾರ. ಸುಡಾನ್ ರಾಜಧಾನಿ ಖಾರ್ಟೂಮ್‌ನ ಉತ್ತರ ಭಾಗದಲ್ಲಿರುವ ಕೋಬರ್ ಜೈಲಿನ ಅಂಗಳದಲ್ಲಿ ಬೆಳಿಗ್ಗೆಯೇ ಜನ ಸೇರಿದ್ದರು. ಎಪ್ಪತ್ತು ದಾಟಿದ ವೃದ್ಧರೊಬ್ಬರ ಕೈ ಕಟ್ಟಿ, ಮುಖಕ್ಕೆ ಮುಸುಕು ಹಾಕಿ ನೇಣುಗಂಬದ ಮೆಟ್ಟಿಲು ಹತ್ತಿಸಲಾಯಿತು. ಕುಣಿಕೆ ಬಿಗಿಯುವ ಮುನ್ನ ಮುಸುಕು ತೆಗೆದಾಗ ಅವರು ಜನರತ್ತ ನೋಡಿ ನಸುನಕ್ಕರು ಎಂದು ಅಲ್ಲಿದ್ದವರು ನೆನೆಸಿಕೊಂಡಿದ್ದಾರೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಮುಗಿದಿತ್ತು. ಶವವನ್ನು ಹೆಲಿಕಾಪ್ಟರ್‌ನಲ್ಲಿ ಒಯ್ದು ಮರುಭೂಮಿಯಲ್ಲಿ ಹೂಳಲಾಯಿತು. ಜಾಗ ಯಾವುದೆಂದು ಮನೆಯವರಿಗೂ ತಿಳಿಸಲಿಲ್ಲ.

ಆ ವೃದ್ಧರ ಹೆಸರು ಮಹಮೂದ್ ಮೊಹಮದ್ ತಾಹಾ. ವೃತ್ತಿಯಿಂದ ಎಂಜಿನಿಯರ್, ಒಲವಿನಿಂದ ಸೂಫಿ. ಅವರು ಕೊಲೆ ಮಾಡಿರಲಿಲ್ಲ, ಬಂದೂಕು ಹಿಡಿದಿರಲಿಲ್ಲ. ಅವರ ವಿರುದ್ಧದ ಮುಖ್ಯ ಸಾಕ್ಷ್ಯ ಒಂದು ಕರಪತ್ರ.

ಇಸ್ಲಾಂ ಮತ್ತು ಮಾನವ ಹಕ್ಕುಗಳ ವಿಷಯ ಚರ್ಚೆಗೆ ಬಂದಾಗಲೆಲ್ಲ ನಾವು ಸಾಮಾನ್ಯವಾಗಿ ಎರಡೇ ಮಾತು ಕೇಳುತ್ತೇವೆ. ಎರಡಕ್ಕೂ ಹೊಂದಾಣಿಕೆಯೇ ಇಲ್ಲ ಎಂಬುದು ಒಂದು. ಎಲ್ಲ ಹಕ್ಕುಗಳೂ ಹದಿನಾಲ್ಕು ಶತಮಾನಗಳ ಹಿಂದೆಯೇ ಬಂದಿವೆ, ಹೊಸದೇನೂ ಬೇಕಿಲ್ಲ ಎಂಬುದು ಇನ್ನೊಂದು. ತಾಹಾ ಈ ಎರಡನ್ನೂ ಒಪ್ಪಲಿಲ್ಲ. ವ್ಯತ್ಯಾಸ ಇರುವುದು ನಿಜ, ಅದನ್ನು ಮುಚ್ಚಿಡಬಾರದು, ಆದರೆ ಅದನ್ನು ನಿವಾರಿಸುವ ದಾರಿ ಕುರಾನ್‌ನೊಳಗೇ ಇದೆ ಎಂಬುದು ಅವರ ವಾದವಾಗಿತ್ತು. ಅದಕ್ಕಾಗಿಯೇ ಅವರ ಬದುಕನ್ನು ಇಂದಿಗೂ ಓದಬೇಕು.

ನೀಲಿ ನೈಲ್ ದಡದ ಹುಡುಗ

ತಾಹಾ ಹುಟ್ಟಿದ್ದು 1909ರ ಸುಮಾರಿಗೆ, ನೀಲಿ ನೈಲ್ ನದಿಯ ದಡದ ರುಫಾ ಎಂಬ ಊರಿನಲ್ಲಿ. ಚಿಕ್ಕಂದಿನಲ್ಲೇ ತಾಯಿ, ಬಳಿಕ ತಂದೆ ತೀರಿಕೊಂಡರು. ಬಂಧುಗಳ ಆಸರೆಯಲ್ಲಿ ಬೆಳೆದ ಹುಡುಗ ಓದಿನಲ್ಲಿ ಮುಂದಿದ್ದ. ಖಾರ್ಟೂಮ್‌ನ ಗೋರ್ಡನ್ ಸ್ಮಾರಕ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿತು 1936ರಲ್ಲಿ ಹೊರಬಂದರು. ರೈಲ್ವೆಯಲ್ಲಿ ಕೆಲಸ ಸಿಕ್ಕಿತು. 1941ರಲ್ಲಿ ಅದನ್ನು ಬಿಟ್ಟು ಸ್ವಂತ ಉದ್ಯೋಗ ಹಿಡಿದರು.

ಆಗ ಸುಡಾನ್ ಬ್ರಿಟಿಷರ ಕೈಯಲ್ಲಿತ್ತು. ನಮಗೂ ಆ ದೇಶಕ್ಕೂ ಇಲ್ಲೊಂದು ನಂಟಿದೆ. ಬ್ರಿಟಿಷರು 1899ರಲ್ಲಿ ಅಲ್ಲಿ ಜಾರಿಗೆ ತಂದ ದಂಡ ಸಂಹಿತೆಯನ್ನು ನಮ್ಮ ಭಾರತೀಯ ದಂಡ ಸಂಹಿತೆಯ ಮಾದರಿಯಲ್ಲೇ ರೂಪಿಸಲಾಗಿತ್ತು. ಅಪರಾಧಗಳಿಗೆ ಈ ಕಾನೂನು, ಮದುವೆ ಮತ್ತು ಆಸ್ತಿ ಹಂಚಿಕೆಯಂಥ ವಿಷಯಗಳಿಗೆ ಷರಿಯಾ ನ್ಯಾಯಾಲಯ ಎಂಬ ವ್ಯವಸ್ಥೆ ಅಲ್ಲಿ ದಶಕಗಳ ಕಾಲ ನಡೆದುಬಂತು.

ಸ್ವಾತಂತ್ರ್ಯದ ಕೂಗು ಎದ್ದಾಗ ಅಲ್ಲಿನ ದೊಡ್ಡ ಪಕ್ಷಗಳು ಎರಡು ಧಾರ್ಮಿಕ ಮನೆತನಗಳ ನೆರಳಿನಲ್ಲಿದ್ದವು. ಒಂದು ಬಣ ಬ್ರಿಟಿಷರ ಜತೆ ಹೊಂದಿಕೊಂಡಿತ್ತು, ಇನ್ನೊಂದಕ್ಕೆ ಈಜಿಪ್ಟ್ ಜತೆ ವಿಲೀನ ಬೇಕಿತ್ತು. ತಾಹಾ ಮತ್ತು ಗೆಳೆಯರು ಇವೆರಡನ್ನೂ ಬಿಟ್ಟು, ಸುಡಾನ್ ಸ್ವತಂತ್ರ ಗಣರಾಜ್ಯವಾಗಬೇಕೆಂದು 1945ರಲ್ಲಿ ರಿಪಬ್ಲಿಕನ್ ಪಕ್ಷ ಕಟ್ಟಿದರು. ಮರುವರ್ಷವೇ ಸರ್ಕಾರದ ವಿರುದ್ಧ ಕರಪತ್ರ ಹಂಚಿದ್ದಕ್ಕೆ ಅವರ ಬಂಧನವಾಯಿತು. ಇನ್ನು ಮುಂದೆ ಸುಮ್ಮನಿರುವುದಾಗಿ ಮುಚ್ಚಳಿಕೆ ಬರೆದುಕೊಟ್ಟರೆ ಬಿಡುತ್ತೇವೆ ಎಂದಾಗ ತಾಹಾ ಒಪ್ಪದೆ ಜೈಲಿಗೆ ಹೋದರು. ಐವತ್ತು ದಿನಗಳ ನಂತರ ಸರ್ಕಾರವೇ ಬಿಟ್ಟು ಕಳುಹಿಸಿತು.

ರುಫಾದ ಗಲಾಟೆ

ಅದೇ 1946ರಲ್ಲಿ ರುಫಾದಲ್ಲಿ ನಡೆದ ಘಟನೆಯೊಂದು ಇವತ್ತಿನ ಓದುಗರಿಗೆ ಇರಿಸುಮುರಿಸು ಉಂಟುಮಾಡಬಹುದು. ಹೆಣ್ಣುಮಕ್ಕಳ ಜನನಾಂಗ ಛೇದನ ಎಂಬ ಕ್ರೂರ ಪದ್ಧತಿಯನ್ನು ಬ್ರಿಟಿಷರು ಕಾನೂನಿನ ಮೂಲಕ ನಿಷೇಧಿಸಿದ್ದರು. ಮಗಳಿಗೆ ಇದನ್ನು ಮಾಡಿಸಿದ ತಾಯಿಯೊಬ್ಬಳನ್ನು ಜೈಲಿಗೆ ಹಾಕಿದಾಗ ತಾಹಾ ಮಸೀದಿಯಲ್ಲಿ ಭಾಷಣ ಮಾಡಿ ಜನರನ್ನು ಹುರಿದುಂಬಿಸಿದರು. ಜನ ಮುತ್ತಿಗೆ ಹಾಕಿ ಆಕೆಯನ್ನು ಬಿಡಿಸಿಕೊಂಡರು. ತಾಹಾಗೆ ಎರಡು ವರ್ಷ ಜೈಲಾಯಿತು.

ಅವರು ಆ ಪದ್ಧತಿಯ ಪರವಾಗಿದ್ದರೆ? ಇಲ್ಲ. ಅದು ಹೋಗಬೇಕಾದ್ದೇ, ಆದರೆ ಶಿಕ್ಷಣದಿಂದ ಹೋಗಬೇಕು, ಪರಕೀಯ ಸರ್ಕಾರ ತಾಯಂದಿರನ್ನು ಜೈಲಿಗೆ ತಳ್ಳಿ ಅಲ್ಲ ಎಂಬುದು ಅವರ ನಿಲುವು. ಆದರೂ ಆ ಮಗುವಿನ ಹಕ್ಕಿನ ಕಡೆಯಿಂದ ನೋಡಿದರೆ ಈ ನಿಲುವು ಸಾಲದು ಎಂದು ಅನ್ನಿಸದೆ ಇರದು. ಹೊರಗಿನವರು ಹೇರಿದ ಸುಧಾರಣೆ ಬೇರೂರುವುದಿಲ್ಲ ಎಂಬ ನಂಬಿಕೆ ಮಾತ್ರ ಅವರಲ್ಲಿ ಕೊನೆಯವರೆಗೂ ಉಳಿಯಿತು.

ಜೈಲುವಾಸ, ಅದರ ಬೆನ್ನಿಗೇ ರುಫಾದಲ್ಲಿ ಏಕಾಂತವಾಸ. ಪ್ರಾರ್ಥನೆ, ಉಪವಾಸ, ಧ್ಯಾನದಲ್ಲಿ 1951ರ ತನಕ ಅವರು ಹೊರ ಜಗತ್ತಿನಿಂದ ದೂರವಿದ್ದರು. ಅದೇ ಕಾಲದಲ್ಲಿ, 1948ರ ಡಿಸೆಂಬರ್ 10ರಂದು, ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. 48 ದೇಶಗಳು ಪರವಾಗಿ ಮತ ಹಾಕಿದವು, ವಿರುದ್ಧ ಯಾರೂ ಹಾಕಲಿಲ್ಲ, ಎಂಟು ದೇಶಗಳು ತಟಸ್ಥವಾಗಿದ್ದವು. ತಟಸ್ಥರಲ್ಲಿ ಸೌದಿ ಅರೇಬಿಯಾ ಒಂದು. ಅದಕ್ಕೆ ಮುಖ್ಯ ತಕರಾರು ಇದ್ದದ್ದು ಧರ್ಮ ಬದಲಿಸುವ ಹಕ್ಕನ್ನು ಹೇಳುವ 18ನೇ ವಿಧಿ ಮತ್ತು ಮದುವೆಯಲ್ಲಿ ಗಂಡು ಹೆಣ್ಣಿನ ಸಮಾನತೆ ಹೇಳುವ 16ನೇ ವಿಧಿಯ ಬಗ್ಗೆ. ಆದರೆ ಈಜಿಪ್ಟ್, ಸಿರಿಯಾ, ಇರಾನ್, ಪಾಕಿಸ್ತಾನ, ಟರ್ಕಿ ಪರವಾಗಿ ಮತ ಹಾಕಿದ್ದವು. ಅಂದರೆ ಮುಸ್ಲಿಂ ದೇಶಗಳಿಗೆ ಅಂದೂ ಒಂದೇ ದನಿ ಇರಲಿಲ್ಲ.

ಎರಡು ಊರು, ಎರಡು ಸಂದೇಶ

ಏಕಾಂತದಿಂದ ಹೊರಬಂದ ತಾಹಾ ಬಳಿ ಹೊಸ ವಿಚಾರವಿತ್ತು. 1967ರಲ್ಲಿ ಪ್ರಕಟವಾದ ಇಸ್ಲಾಮಿನ ಎರಡನೇ ಸಂದೇಶ ಎಂಬ ಪುಸ್ತಕದಲ್ಲಿ ಅದು ಪೂರ್ಣ ರೂಪ ಪಡೆಯಿತು. ಸರಳವಾಗಿ ಹೇಳುವುದಾದರೆ ಅದು ಹೀಗಿದೆ.

ಪ್ರವಾದಿಯವರಿಗೆ ಮೊದಲು ಮೆಕ್ಕಾದಲ್ಲಿ, ಆಮೇಲೆ ಮದೀನಾದಲ್ಲಿ ಕುರಾನ್ ವಚನಗಳು ಅವತೀರ್ಣವಾದವು. ಮೆಕ್ಕಾದ ವಚನಗಳು ಇಡೀ ಮನುಕುಲವನ್ನು ಕುರಿತು ಮಾತನಾಡುತ್ತವೆ, ನಂಬುವುದನ್ನೂ ಬಿಡುವುದನ್ನೂ ಮನುಷ್ಯನ ಆಯ್ಕೆಗೆ ಬಿಡುತ್ತವೆ ಎಂದು ತಾಹಾ ವಿವರಿಸಿದರು. ಮದೀನಾದಲ್ಲಿ ಸಮುದಾಯ ಕಟ್ಟಬೇಕಿತ್ತು, ಯುದ್ಧ ನಡೆಸಬೇಕಿತ್ತು, ಕಾನೂನು ಬೇಕಿತ್ತು. ಅಲ್ಲಿನ ವಚನಗಳು ಏಳನೇ ಶತಮಾನದ ಅರಬ್ ಸಮಾಜದ ಸಾಮರ್ಥ್ಯಕ್ಕೆ ತಕ್ಕಂತೆ ಇದ್ದವು. ನಂತರದ ವಚನ ಹಿಂದಿನದನ್ನು ರದ್ದುಗೊಳಿಸುತ್ತದೆ ಎಂಬ ತತ್ವವನ್ನು ಹಿಡಿದು ಶಾಸ್ತ್ರಜ್ಞರು ಷರಿಯಾ ಕಟ್ಟಿದರು. ತಾಹಾ ಪ್ರಕಾರ ಅದು ರದ್ದಲ್ಲ, ಮುಂದೂಡಿಕೆ. ಮನುಷ್ಯರು ಆಗ ಸಿದ್ಧರಿರಲಿಲ್ಲ, ಈಗ ಸಿದ್ಧರಾಗಿದ್ದಾರೆ, ಆದ್ದರಿಂದ ಮೆಕ್ಕಾದ ಸಂದೇಶವನ್ನೇ ಈಗ ಕಾನೂನಿನ ಬುಡಕ್ಕೆ ತರಬೇಕು.

ಇದರ ಪರಿಣಾಮ ಸಣ್ಣದಲ್ಲ. ಸಾಂಪ್ರದಾಯಿಕ ಷರಿಯಾಕ್ಕೂ ಇಂದಿನ ಅಂತಾರಾಷ್ಟ್ರೀಯ ಮಾನವ ಹಕ್ಕು ಕಾನೂನಿಗೂ ನಿಜವಾಗಿ ಘರ್ಷಣೆ ಇರುವುದು ಮುಖ್ಯವಾಗಿ ಮೂರು ಕಡೆ. ಧರ್ಮ ಬಿಟ್ಟವರಿಗೆ ಮರಣದಂಡನೆ, ಮುಸ್ಲಿಮೇತರರಿಗೆ ಕೆಳಗಿನ ಸ್ಥಾನ, ಸಾಕ್ಷ್ಯ, ವಿಚ್ಛೇದನ ಹಾಗೂ ಆಸ್ತಿಯ ಪಾಲಿನಲ್ಲಿ ಹೆಣ್ಣಿಗೆ ಅಸಮಾನತೆ. ಉಳಿದಂತೆ ಜೀವದ ರಕ್ಷಣೆ, ಆಸ್ತಿಯ ಹಕ್ಕು, ಬಡವರ ಪಾಲು, ಕಾನೂನಿನ ಮುಂದೆ ದೊರೆಯೂ ತಲೆಬಾಗಬೇಕು ಎಂಬ ನಿಯಮ ಇವುಗಳಲ್ಲಿ ಎರಡಕ್ಕೂ ಸಾಕಷ್ಟು ಸಾಮ್ಯವಿದೆ. ಆ ಮೂರು ಗಂಟುಗಳನ್ನು ಬಿಚ್ಚಲು ತಾಹಾ ಹೊರಟಿದ್ದರು.

ಅವರ ಶಿಷ್ಯರನ್ನು ರಿಪಬ್ಲಿಕನ್ ಸಹೋದರರು ಎಂದು ಕರೆಯುತ್ತಿದ್ದರು. ಸಹೋದರಿಯರೂ ಅಷ್ಟೇ ಮುಂದಿದ್ದರು. ಖಾರ್ಟೂಮ್‌ನ ಬೀದಿಗಳಲ್ಲಿ ಹೆಣ್ಣುಮಕ್ಕಳು ನಿಂತು ಧರ್ಮದ ಬಗ್ಗೆ ಭಾಷಣ ಮಾಡುವುದು, ಪುಸ್ತಕ ಮಾರುವುದು ಆ ಕಾಲಕ್ಕೆ ದೊಡ್ಡ ಸುದ್ದಿ. ಅವರ ಮದುವೆಗಳಲ್ಲಿ ಅದ್ದೂರಿ ಇರಲಿಲ್ಲ, ಮೆಹರ್ ಹೆಸರಿಗೆ ಮಾತ್ರ.

ವಿರೋಧಿಗಳು, ಮತ್ತು ಒಂದು ತಪ್ಪು ಲೆಕ್ಕ

ಮುಸ್ಲಿಂ ವಿದ್ವಾಂಸರಲ್ಲಿ ಬಹುಪಾಲು ಜನ ಈ ವಾದವನ್ನು ತಿರಸ್ಕರಿಸಿದರು. ದೈವವಾಣಿಯಲ್ಲಿ ಕಾಲಕ್ಕೆ ತಕ್ಕಂತೆ ಆಯ್ದುಕೊಳ್ಳಲು ಮನುಷ್ಯನಿಗೆ ಅಧಿಕಾರ ಕೊಟ್ಟವರಾರು ಎಂಬುದು ಅವರ ಪ್ರಶ್ನೆ. ಅದು ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯೂ ಅಲ್ಲ. ತಮ್ಮ ಆಧ್ಯಾತ್ಮಿಕ ಸ್ಥಿತಿಯ ಬಗ್ಗೆ ತಾಹಾ ಹೇಳಿಕೊಂಡ ಮಾತುಗಳೂ ಅನೇಕರನ್ನು ಕೆರಳಿಸಿದವು. 1968ರಲ್ಲಿ ಖಾರ್ಟೂಮ್‌ನ ಷರಿಯಾ ನ್ಯಾಯಾಲಯವೊಂದು ಅವರನ್ನು ಧರ್ಮಭ್ರಷ್ಟ ಎಂದು ಸಾರಿತು. ತಾಹಾ ಅತ್ತ ತಲೆ ಹಾಕಲೇ ಇಲ್ಲ. ಕೌಟುಂಬಿಕ ವಿಷಯಗಳಿಗೆ ಸೀಮಿತವಾಗಿದ್ದ ಆ ನ್ಯಾಯಾಲಯಕ್ಕೆ ಶಿಕ್ಷೆ ಜಾರಿ ಮಾಡುವ ಅಧಿಕಾರವೂ ಇರಲಿಲ್ಲ. ಬಳಿಕ ಕೈರೋದ ಅಲ್ ಅಝರ್ ಮತ್ತು ಮೆಕ್ಕಾದ ಮುಸ್ಲಿಂ ವರ್ಲ್ಡ್ ಲೀಗ್ ಕೂಡ ಅದೇ ಮಾತು ಹೇಳಿದವು.

1969ರಲ್ಲಿ ಸೇನಾಧಿಕಾರಿ ಜಾಫರ್ ನಿಮೈರಿ ಅಧಿಕಾರ ಕಿತ್ತುಕೊಂಡಾಗ ರಿಪಬ್ಲಿಕನ್ನರು ಎದುರಿಸಲಿಲ್ಲ. ಧಾರ್ಮಿಕ ಮನೆತನಗಳ ಪಕ್ಷಗಳಿಗಿಂತ ಇವನೇ ವಾಸಿ ಎಂದು ಎಣಿಸಿದರು. ನಿಮೈರಿ ತನ್ನ ವಿರೋಧಿಗಳನ್ನು ಹಿಂಸಿಸುತ್ತಿದ್ದ ವರ್ಷಗಳಲ್ಲೂ ಅವರದು ಬಹುಮಟ್ಟಿಗೆ ಬೆಂಬಲದ ನಿಲುವು. 1973ರಿಂದ ತಾಹಾಗೇ ಸಾರ್ವಜನಿಕ ಭಾಷಣ ನಿಷೇಧಿಸಿದರೂ ಅದು ಬದಲಾಗಲಿಲ್ಲ. ಮಾನವ ಹಕ್ಕುಗಳ ಪ್ರತಿಪಾದಕರೊಬ್ಬರ ಬದುಕಿನಲ್ಲಿ ಇದು ಅಳಿಸಲಾಗದ ಕಲೆ.

ಕರಪತ್ರದಿಂದ ನೇಣಿನವರೆಗೆ

1983ರ ಸೆಪ್ಟೆಂಬರ್‌ನಲ್ಲಿ ನಿಮೈರಿ ಇದ್ದಕ್ಕಿದ್ದಂತೆ ಷರಿಯಾ ಹೆಸರಿನಲ್ಲಿ ಹೊಸ ಕಾನೂನುಗಳನ್ನು ಹೇರಿದರು. ಮದ್ಯವನ್ನು ನೈಲ್ ನದಿಗೆ ಸುರಿಯಲಾಯಿತು. ಛಡಿ ಏಟು, ಕೈಕಾಲು ಕತ್ತರಿಸುವ ಶಿಕ್ಷೆಗಳು ಶುರುವಾದವು. ಮುಸ್ಲಿಮರಲ್ಲದವರಿಗೂ ಇದೇ ಕಾನೂನು. ದಕ್ಷಿಣ ಸುಡಾನ್‌ನಲ್ಲಿ ಆಗಷ್ಟೇ ಮತ್ತೆ ಹೊತ್ತಿಕೊಂಡಿದ್ದ ಅಂತರ್ಯುದ್ಧಕ್ಕೆ ಇದು ತುಪ್ಪ ಸುರಿಯಿತು.

ಅದಕ್ಕೂ ಮೊದಲೇ, ಸರ್ಕಾರವನ್ನು ಟೀಕಿಸಿದ್ದಕ್ಕೆ ತಾಹಾ ಮತ್ತು ಅನೇಕ ಸಂಗಡಿಗರನ್ನು ವಿಚಾರಣೆಯಿಲ್ಲದೆ ಬಂಧಿಸಲಾಗಿತ್ತು. ಒಂದೂವರೆ ವರ್ಷ ಕಳೆದು, 1984ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ಹೊರಬಂದ ಕೆಲವೇ ದಿನಗಳಲ್ಲಿ, ಡಿಸೆಂಬರ್ 25ರಂದು, ಅವರು ಹೊರಡಿಸಿದ್ದೇ ಆ ಒಂದು ಹಾಳೆಯ ಕರಪತ್ರ. ಅದರಲ್ಲಿದ್ದ ಬೇಡಿಕೆಗಳು ಮೂರು. ಇಸ್ಲಾಮಿಗೆ ಕಳಂಕ ತಂದು ಜನರನ್ನು ಅವಮಾನಿಸುವ ಈ ಕಾನೂನುಗಳು ರದ್ದಾಗಲಿ. ದಕ್ಷಿಣದಲ್ಲಿ ರಕ್ತಪಾತ ನಿಂತು ಮಾತುಕತೆ ನಡೆಯಲಿ. ಧರ್ಮದ ಬಗ್ಗೆ ಮುಕ್ತ ಚರ್ಚೆಗೆ ಅವಕಾಶ ಸಿಗಲಿ.

ಜನವರಿ 5ರಂದು ಬಂಧನ. 7ರಂದು ವಿಚಾರಣೆ. ತಾಹಾ ಜತೆ ನಾಲ್ವರು ಶಿಷ್ಯರು ಆರೋಪಿಗಳು. ಸರ್ಕಾರದ ಕೈಗೊಂಬೆಯಾಗಿರುವ ಈ ನ್ಯಾಯಾಲಯಕ್ಕೆ ಅರ್ಹತೆಯೂ ಇಲ್ಲ, ನೈತಿಕ ಬಲವೂ ಇಲ್ಲ, ನಾನು ಸಹಕರಿಸುವುದಿಲ್ಲ ಎಂದು ಹೇಳಿ ತಾಹಾ ಮೌನವಾದರು. 8ರಂದು ತೀರ್ಪು ಬಂತು. ಐವರಿಗೂ ಗಲ್ಲು.

ಕಾನೂನು ಬಲ್ಲವರು ಬೆಚ್ಚಿಬಿದ್ದದ್ದು ಮುಂದಿನ ಹಂತದಲ್ಲಿ. ಆರೋಪ ಇದ್ದದ್ದು ಸರ್ಕಾರದ ವಿರುದ್ಧ ಪ್ರಚೋದನೆ, ಶಾಂತಿಭಂಗದಂಥ ರಾಜಕೀಯ ಅಪರಾಧಗಳದ್ದು. ಮೇಲ್ಮನವಿ ನ್ಯಾಯಾಲಯ ಜನವರಿ 15ರಂದು ಅದಕ್ಕೆ ಧರ್ಮಭ್ರಷ್ಟತೆಯ ಅಪರಾಧವನ್ನು ತಾನೇ ಸೇರಿಸಿತು. ಸುಡಾನ್‌ನ ದಂಡ ಸಂಹಿತೆಯಲ್ಲಿ ಆಗ ಅಂಥದ್ದೊಂದು ಅಪರಾಧವೇ ಇರಲಿಲ್ಲ. ಹದಿನೇಳು ವರ್ಷ ಹಿಂದಿನ, ಅಧಿಕಾರವಿಲ್ಲದ ನ್ಯಾಯಾಲಯದ ತೀರ್ಪನ್ನು ಆಧಾರವಾಗಿ ಎತ್ತಿಕೊಳ್ಳಲಾಯಿತು. ಎರಡೇ ದಿನದಲ್ಲಿ ನಿಮೈರಿ ಸಹಿ ಹಾಕಿದರು. ಮರುದಿನ ಗಲ್ಲು.

ಯಾವ ಅಳತೆಗೋಲಿಗೆ?

ಅಂತಾರಾಷ್ಟ್ರೀಯ ಕಾನೂನಿನ ಪ್ರಕಾರ ನೋಡಿ. ಮೊದಲೇ ಕಾನೂನಿನಲ್ಲಿ ಬರೆದಿಲ್ಲದ ಅಪರಾಧಕ್ಕೆ ಯಾರನ್ನೂ ಶಿಕ್ಷಿಸುವಂತಿಲ್ಲ, ಆರೋಪವನ್ನು ಮೊದಲು ತಿಳಿಸಿ ಸಮರ್ಥಿಸಿಕೊಳ್ಳಲು ಅವಕಾಶ ಕೊಡಬೇಕು, ನ್ಯಾಯಾಲಯ ಸ್ವತಂತ್ರವಾಗಿರಬೇಕು. ಒಂದೂ ಪಾಲನೆಯಾಗಲಿಲ್ಲ.

ಈಗ ಸಾಂಪ್ರದಾಯಿಕ ಷರಿಯಾ ಪ್ರಕಾರವೇ ನೋಡಿ. ಧರ್ಮಭ್ರಷ್ಟನೆಂದು ಆರೋಪಿಸಲ್ಪಟ್ಟವನಿಗೆ ಪಶ್ಚಾತ್ತಾಪಕ್ಕೆ ಅವಕಾಶ ಕೊಡಬೇಕು ಎನ್ನುತ್ತಾರೆ ಬಹುಪಾಲು ಶಾಸ್ತ್ರಜ್ಞರು. ನಾಲ್ವರು ಶಿಷ್ಯರಿಗೆ ಆ ಅವಕಾಶ ಸಿಕ್ಕಿತು. ಗುರುವಿನ ಶವ ಕಂಡ ಮೇಲೆ ಅವರು ಟೆಲಿವಿಷನ್ ಮುಂದೆ ಕುಳಿತು ತಮ್ಮ ನಂಬಿಕೆಯನ್ನು ಅಲ್ಲಗಳೆದು ಜೀವ ಉಳಿಸಿಕೊಂಡರು. ಕೊನೆಯವರೆಗೂ ತಾನು ಮುಸ್ಲಿಮನೆಂದೇ ಹೇಳಿದ ತಾಹಾಗೆ ಅದನ್ನೂ ನಿರಾಕರಿಸಲಾಯಿತು.

ಅಂದರೆ ಅವರನ್ನು ಕೊಂದದ್ದು ಷರಿಯಾ ಮತ್ತು ಮಾನವ ಹಕ್ಕುಗಳ ನಡುವಿನ ಘರ್ಷಣೆಯಷ್ಟೇ ಅಲ್ಲ. ಎರಡನ್ನೂ ಗಾಳಿಗೆ ತೂರಿದ ಒಬ್ಬ ಸರ್ವಾಧಿಕಾರಿಯ ಅಗತ್ಯ. ಆದರೆ ಧರ್ಮ ಬಿಟ್ಟವನನ್ನು ಕೊಲ್ಲಬಹುದೆಂಬ ಹಳೆಯ ನಿಯಮ ಕೈಗೆಟುಕುವಂತೆ ಇದ್ದದ್ದರಿಂದಲೇ ಆ ಸರ್ವಾಧಿಕಾರಿಗೆ ಕೆಲಸ ಸುಲಭವಾಯಿತು ಎಂಬುದನ್ನೂ ಮರೆಯುವಂತಿಲ್ಲ. ತಾಹಾ ಜೀವಮಾನವಿಡೀ ಎಚ್ಚರಿಸಿದ್ದು ಇದನ್ನೇ.

ನಂತರ ನಡೆದದ್ದು

ಮೂರು ತಿಂಗಳು ಕಳೆಯುವ ಮೊದಲೇ, ಏಪ್ರಿಲ್ 6ರಂದು, ನಿಮೈರಿ ವಿದೇಶದಲ್ಲಿದ್ದಾಗಲೇ ಜನರ ದಂಗೆಯ ನಡುವೆ ಸರ್ಕಾರ ಉರುಳಿತು. ತಾಹಾ ಪುತ್ರಿ ಅಸ್ಮಾ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 1986ರ ನವೆಂಬರ್‌ನಲ್ಲಿ ಆ ಕೋರ್ಟ್ ಇಡೀ ವಿಚಾರಣೆ ಅಸಿಂಧು ಎಂದು ಘೋಷಿಸಿತು. ಅರಬ್ ಮಾನವ ಹಕ್ಕುಗಳ ಸಂಘಟನೆ ಜನವರಿ 18ನ್ನು ಅರಬ್ ಮಾನವ ಹಕ್ಕು ದಿನವೆಂದು ಗುರುತಿಸಿತು. ಶಿಷ್ಯ ಅಬ್ದುಲ್ಲಾಹಿ ಅನ್ ನಯೀಮ್ ಅಮೆರಿಕದಲ್ಲಿ ಕಾನೂನು ಪ್ರಾಧ್ಯಾಪಕರಾಗಿ ಗುರುವಿನ ಪುಸ್ತಕವನ್ನು 1987ರಲ್ಲಿ ಇಂಗ್ಲಿಷ್‌ಗೆ ತಂದರು.

ಜಗತ್ತು ಬೇರೆ ದಾರಿಯನ್ನೂ ಹಿಡಿಯಿತು. 1990ರಲ್ಲಿ ಇಸ್ಲಾಮಿಕ್ ದೇಶಗಳ ಒಕ್ಕೂಟ ಹೊರಡಿಸಿದ ಕೈರೋ ಘೋಷಣೆ ಅನೇಕ ಹಕ್ಕುಗಳನ್ನು ಪಟ್ಟಿ ಮಾಡಿ, ಕೊನೆಗೆ ಅವೆಲ್ಲವೂ ಷರಿಯಾಕ್ಕೆ ಒಳಪಟ್ಟಿವೆ ಎಂದಿತು. ಯಾವ ಷರಿಯಾ, ಯಾರ ವ್ಯಾಖ್ಯಾನ ಎಂಬ ತಾಹಾ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಸುಡಾನ್ 1991ರಲ್ಲಿ ಧರ್ಮತ್ಯಾಗಕ್ಕೆ ಮರಣದಂಡನೆಯನ್ನು ಲಿಖಿತ ಕಾನೂನನ್ನಾಗಿಯೇ ಮಾಡಿತು. ಅದು ರದ್ದಾಗಿದ್ದು 2020ರಲ್ಲಿ. ತಾಹಾ ಗಲ್ಲಿಗೇರಿ ಮೂವತ್ತೈದು ವರ್ಷ ಕಳೆದಿತ್ತು.

ಮರುಭೂಮಿಯಲ್ಲಿರುವ ಆ ಸಮಾಧಿಗೆ ಕಲ್ಲಿಲ್ಲ, ಹೆಸರಿಲ್ಲ. ಪುಸ್ತಕ ಮಾತ್ರ ಇಂದಿಗೂ ಓದುಗರ ಕೈಯಲ್ಲಿದೆ.