ಮಂಜೇಶ್ವರದ ಗೋವಿಂದ ಪೈ: ಸಂಶೋಧಕನ ಬಾಳು

ಗೋವಿಂದ ಪೈಗಳನ್ನು (1883–1963) ಕನ್ನಡಿಗರು ‘ಗೊಲ್ಗೊಥಾ’ದ ಕವಿಯೆಂದು, ರಾಷ್ಟ್ರಕವಿಯೆಂದು ನೆನೆಯುತ್ತಾರೆ. ಅವರ ಆಯುಷ್ಯದ ಬಹುಪಾಲು ಸಂದುದಾದರೋ ಶಾಸನ, ಪುರಾಣ, ಪಂಚಾಂಗಗಳ ನಡುವೆ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದುತ್ತಿದ್ದಾಗ ತಂದೆಯ ಕಾಯಿಲೆಯಿಂದ ವ್ಯಾಸಂಗ ಮುರಿದು, ಪದವಿಯಿಲ್ಲದೆ ಊರಿಗೆ ಮರಳಿದರು. ವಿಶ್ವವಿದ್ಯಾಲಯದ ಪೀಠದ ಬೆಂಬಲ ಇಲ್ಲದವರ ಮಾತಿಗೆ ಆಧಾರವೊಂದೇ ಬಲ. ಬೇಕಾದ ಗ್ರಂಥಗಳನ್ನು ತರಿಸಿ ಮನೆಯನ್ನೇ ಗ್ರಂಥಾಲಯವಾಗಿಸಿದರು; ಮೂಲವನ್ನು ಮೂಲದ ನುಡಿಯಲ್ಲೇ ಓದಲೆಂದು ಪಾಲಿ, ಗ್ರೀಕ್ ಮುಂತಾದ ಹಲವು ಭಾಷೆಗಳನ್ನು ಕಲಿತರು.

ಅವರು ಎತ್ತಿಕೊಳ್ಳುತ್ತಿದ್ದ ಪ್ರಶ್ನೆ ನೋಡಲು ಚಿಕ್ಕದು. ಶ್ರವಣಬೆಳಗೊಳದ ಗೊಮ್ಮಟನ ಪ್ರತಿಷ್ಠೆ ಎಂದಾಯಿತು? ವಿಗ್ರಹದ ಪಾದದ ಬಳಿಯ ಶಾಸನ, ಮಾಡಿಸಿದವನು ಚಾವುಂಡರಾಯನೆಂದು ತಿಳಿಸುತ್ತದೆ, ಕಾಲವನ್ನು ಹೇಳದು. ತಡವಾಗಿ ಹುಟ್ಟಿದ ‘ಬಾಹುಬಲಿಚರಿತ’ವೋ ವಿಭವ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಭಾನುವಾರ ಎಂದು ವಿವರಗಳನ್ನೇ ಸುರಿಯುತ್ತದೆ. ಸಂವತ್ಸರವನ್ನು ನಂಬಿ 1028 ಎಂದವರುಂಟು. ಆದರೆ ರನ್ನನ 993ರ ‘ಅಜಿತಪುರಾಣ’ದಲ್ಲಿ ಅತ್ತಿಮಬ್ಬೆ ಆಗಲೇ ಬೆಟ್ಟವೇರಿ ಆ ಜಿನನ ದರ್ಶನ ಪಡೆದಿದ್ದಾಳೆ! ಇತ್ತ 978ರ ಸ್ವಂತ ಪುರಾಣದಲ್ಲಿ ಚಾವುಂಡರಾಯನು ಈ ಮಹಾಕಾರ್ಯದ ಸುದ್ದಿಯನ್ನೇ ಎತ್ತುವುದಿಲ್ಲ. ಮಾಡಿ ಮುಗಿಸಿದ್ದರೆ ಸುಮ್ಮನಿರುತ್ತಿದ್ದನೇ? ಹೀಗೆ ಒಂದು ಮೌನ, ಒಂದು ಉಲ್ಲೇಖ ಸೇರಿ ಕಾಲವನ್ನು ಹದಿನೈದು ವರ್ಷಗಳೊಳಗೆ ಕಟ್ಟಿಹಾಕುತ್ತವೆ. ಪೈಗಳು ಮುಟ್ಟಿದ ದಿನ 981ರ ಮಾರ್ಚ್ 13. ಅಂದು ಭಾನುವಾರವೇ.

ಸಂವತ್ಸರ ಮಾತ್ರ ಕೂಡುವುದಿಲ್ಲ. ವಿಭವ ಬರುವುದು 968ರಲ್ಲಿ, ಮತ್ತೆ 1028ರಲ್ಲಿ. ಆದ್ದರಿಂದ ಬೇರೆ ವಿದ್ವಾಂಸರು ಬೇರೆ ತಿಥಿಗಳನ್ನು ಮುಂದಿಟ್ಟರು, ವಾದ ಪೂರ್ತಿಯಾಗಿ ಮುಗಿಯಲಿಲ್ಲ. ನಂತರದ ಗ್ರಂಥದ ಯಾವ ವಿವರವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೈಬಿಡಬೇಕು ಎಂಬಲ್ಲಿಯೇ ತೊಡಕು.

1956ರಲ್ಲಿ ಮಂಜೇಶ್ವರ ಕೇರಳಕ್ಕೆ ಸೇರಿದಾಗ ಪೈಗಳು ತುಂಬ ನೊಂದರು; ಮನೆಯನ್ನೂ ಗ್ರಂಥಗಳನ್ನೂ ಬಿಟ್ಟು ಹೋಗಲಿಲ್ಲ. ಅವರ ಬಳಿಕ ಆ ಗ್ರಂಥಸಂಗ್ರಹ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿಗೆ ಸಂದಿತು. ಗೊಮ್ಮಟನ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕ ನಡೆದದ್ದು 1981ರಲ್ಲಿ, ಪೈಗಳು ತೀರಿಕೊಂಡು ಹದಿನೇಳು ವರ್ಷ ಕಳೆದ ಮೇಲೆ.