ಒಂದುಗಳ ಹಾರ ಕಟ್ಟಿದ ಮಹಾವೀರಾಚಾರ್ಯರು

ಅಮೋಘವರ್ಷ ನೃಪತುಂಗ ಅಂದ ಕೂಡಲೇ ನಮಗೆಲ್ಲ ನೆನಪಾಗೋದು 'ಕವಿರಾಜಮಾರ್ಗ'. ಅದೇ ರಾಷ್ಟ್ರಕೂಟ ದೊರೆಯ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಇನ್ನೊಂದು ದೊಡ್ಡ ಕೃತಿಯೂ ಹುಟ್ಟಿತು: ಜೈನ ಗಣಿತಜ್ಞ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'. ಸಂಸ್ಕೃತದಲ್ಲಿರುವ ಈ ಕೃತಿಯ ಶುರುವಿನಲ್ಲೇ ಅವರು ನೃಪತುಂಗನನ್ನು ಹೊಗಳಿದ್ದಾರೆ.

ಆರ್ಯಭಟ, ಬ್ರಹ್ಮಗುಪ್ತರಲ್ಲಿ ಗಣಿತ ಬರೋದು ಖಗೋಳ ಗ್ರಂಥದ ಕೆಲವು ಅಧ್ಯಾಯಗಳಾಗಿ. ಮಹಾವೀರಾಚಾರ್ಯರು ಗಣಿತಕ್ಕೇ ಅಂತ ಇಡೀ ಗ್ರಂಥ ಬರೆದರು. ಬಡ್ಡಿ, ಚಿನ್ನದ ಬೆರಕೆ, ಗುಂಡಿ ತೋಡೋದು, ನೆರಳು ಅಳೆಯೋದು, ಎಲ್ಲದರ ಲೆಕ್ಕವೂ ಅದರಲ್ಲಿದೆ. ಭಿನ್ನರಾಶಿ ಕೂಡಿಸಲು ಲ.ಸಾ.ಅ. ಬಳಸಿದರು. ನಾವು ಪಿಯುಸಿಯಲ್ಲಿ ಉರು ಹೊಡೆದ 'ಎನ್‌ಸಿಆರ್' ಸೂತ್ರವನ್ನೂ ಕೊಟ್ಟರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತೆ ಅಂದದ್ದು ಮಾತ್ರ ತಪ್ಪು.

ನಮಗೆ ತುಂಬಾ ಹಿಡಿಸಿದ್ದು ಅವರ ಗುಣಾಕಾರದ ಲೆಕ್ಕಗಳು. 152207ನ್ನು 73ರಿಂದ ಗುಣಿಸಿ: 11111111! 14287143ನ್ನು 7ರಿಂದ ಗುಣಿಸಿ: 100010001. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಉತ್ತರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು.

ನಮ್ಮ ಬಳಗದಲ್ಲಿ ಹುಣಸೂರು ಕಡೆಯವರು, ಕಟ್ಟೆಮಳಲವಾಡಿಯವರೂ ಇದ್ದೀವಿ. ಹೂವನ್ನು ಮಾರಿನ ಲೆಕ್ಕದಲ್ಲಿ ಕೊಳ್ಳೋರಿಗೆ ಹಾರ ಅಂದರೆ ಗೊತ್ತಲ್ಲ. ಈಗ ಈ ಹಾರ ಬಿಡಿಸಿ ನೋಡೋಣ. ಎಂಟು ಒಂದುಗಳು ಅಂದರೆ 1111 × 10001. ಇನ್ನೂ ಬಿಡಿಸಿದರೆ 11 × 101 × 73 × 137. ಈ ನಾಲ್ಕೂ ಅವಿಭಾಜ್ಯ ಸಂಖ್ಯೆಗಳು. ಆಚಾರ್ಯರ 73 ಅಲ್ಲೇ ಕೂತಿದೆ. ಮಿಕ್ಕ ಮೂರರ ಗುಣಲಬ್ಧವೇ 152207.

ಹಾಗಾದರೆ ಬಿಡಿಸೋಕೇ ಆಗದ ಹಾರ ಇದೆಯಾ? ಒಂದುಗಳ ಎಣಿಕೆ ಭಾಜ್ಯವಾದರೆ ಹಾರ ಬಿಡಿಸಿಕೊಳ್ಳುತ್ತೆ: ಆರು ಒಂದುಗಳು ಅಂದರೆ 111 × 1001. ಎಣಿಕೆ ಅವಿಭಾಜ್ಯವಾದರೂ ಹಾರ ಗಟ್ಟಿ ಅಂತ ಹೇಳೋ ಹಾಗಿಲ್ಲ. ಹನ್ನೊಂದು ಒಂದುಗಳು 21649 × 513239 ಆಗಿ ಒಡೆಯುತ್ತವೆ. ಎರಡು ಒಂದುಗಳ 11 ಅವಿಭಾಜ್ಯ. ಅದರ ನಂತರದ್ದು ಸಿಗೋದು 19 ಒಂದುಗಳಲ್ಲಿ, ಆಮೇಲೆ 23, ಆಮೇಲೆ ಒಂದೇ ನೆಗೆತಕ್ಕೆ 317, ಮತ್ತೆ 1031. ಆ 1031 ಒಂದುಗಳ ಸಂಖ್ಯೆ ಅವಿಭಾಜ್ಯ ಅಂತ ಸಾಧಿಸಿದ್ದು 1980ರ ದಶಕದಲ್ಲಿ, ಕಂಪ್ಯೂಟರ್ ನೆರವಿನಿಂದ. ಇಂಥವು ಅನಂತವಾಗಿ ಇವೆಯಾ ಅನ್ನೋದು ಇವತ್ತಿಗೂ ಬಗೆಹರಿದಿಲ್ಲ.

ಗುಣಿಸಿ ಕಟ್ಟೋದು ಸುಲಭ, ಬಿಡಿಸೋದು ಕಷ್ಟ. ನಾವು ಓದೋ ಆರ್‌ಎಸ್‌ಎ ಗೂಢಲಿಪಿ ನಿಂತಿರೋದೂ ಇದೇ ಮಾತಿನ ಮೇಲೆ: ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿಟ್ಟರೆ, ಬೇರೆಯವರು ಅವನ್ನು ಬೇರ್ಪಡಿಸಲು ಒದ್ದಾಡಬೇಕು.

ಆಚಾರ್ಯರ ಗ್ರಂಥವನ್ನು 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ನೃಪತುಂಗನ ಕಾಲದ ಕನ್ನಡ ಕಾವ್ಯಮೀಮಾಂಸೆಯ ಬಗ್ಗೆ ಹೆಮ್ಮೆಪಡುವ ನಾವು, ಅದೇ ಕಾಲದ ಈ ಲೆಕ್ಕದ ಮೇಷ್ಟ್ರನ್ನೂ ನೆನೆಯಬೇಕು. ಒಂದು ಪೆನ್ನು, ಒಂದು ಹಾಳೆ ತಗೊಂಡು 12345679ನ್ನು 9ರಿಂದ ಗುಣಿಸಿ ನೋಡಿ, ಅಷ್ಟು ಸಾಕು.