ಗಂಗಾಮೂಲದ ರಮಾಬಾಯಿ

ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಹೆಸರನ್ನು ನಮ್ಮಲ್ಲಿ ಕೇಳದವರಿಲ್ಲ. ಅಲ್ಲಿನ ಕಾಡಿನಲ್ಲಿ 1858ನೆಯ ಏಪ್ರಿಲ್ 23ರಂದು ಒಂದು ಹೆಣ್ಣುಮಗು ಹುಟ್ಟಿತೆಂಬುದೂ, ಆ ಮಗುವೇ ಮುಂದೆ ಪಂಡಿತಾ ರಮಾಬಾಯಿ ಎಂದು ಲೋಕಪ್ರಸಿದ್ಧವಾಯಿತೆಂಬುದೂ ನನಗೆ ತಿಳಿದದ್ದು ಬಿ.ಎ. ತರಗತಿಗೆ ಬಂದ ಮೇಲೆಯೇ. ನಮ್ಮ ಮನೆಯಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಇಷ್ಟು ಹತ್ತಿರದವರನ್ನು ಇಷ್ಟು ತಡವಾಗಿ ಅರಿತೆನಲ್ಲಾ ಎಂದು ನನಗೆ ನಾಚಿಕೆಯಾಯಿತು.

ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದ ಕಡೆಯವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರೆಂಬ ಕಾರಣಕ್ಕೆ ಉಡುಪಿಯ ಪಂಡಿತಸಭೆಯ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಶಾಸ್ತ್ರಗಳಿಂದಲೇ ಆಧಾರ ತೋರಿಸಿ ಅವರು ಗೆದ್ದು ಬಂದರು. ಆ ತಾಯಿ ಮಗಳಿಗೆ ಪುರಾಣಗಳನ್ನು ಬಾಯಿಪಾಠ ಮಾಡಿಸಿದಳು. ಊರೂರು ಅಲೆದು, ಪುರಾಣ ಹೇಳಿ ಬದುಕುತ್ತಿದ್ದ ಸಂಸಾರವದು. 1874ರ ಸುಮಾರಿನ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತು ವರ್ಷದ ಈ ಹುಡುಗಿಗೆ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. ಅಣ್ಣನೂ ತೀರಿಕೊಂಡ ಬಳಿಕ 1880ರಲ್ಲಿ ಬೇರೆ ಜಾತಿಯ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಮದುವೆ. 1882ರಲ್ಲಿ ಕಾಲರಾ ರೋಗದಿಂದ ಪತಿವಿಯೋಗ. ಇಪ್ಪತ್ತನಾಲ್ಕು ತುಂಬುವ ಮೊದಲೇ ವೈಧವ್ಯ, ಕೈಯಲ್ಲಿ ಹಸುಗೂಸು ಮನೋರಮೆ.

ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಕಟ್ಟಿದ ಮೇಲೆ, ವೈದ್ಯವಿದ್ಯೆಯನ್ನು ಕಲಿಯುವ ಆಸೆಯಿಂದ ರಮಾಬಾಯಿಯವರು 1883ರಲ್ಲಿ ಇಂಗ್ಲೆಂಡಿಗೆ ಹೋದರು. ವಾಂಟೇಜ್ ಎಂಬಲ್ಲಿ ಕ್ರೈಸ್ತ ಸೋದರಿಯರ ಮಠದಲ್ಲಿ ಇಳಿದುಕೊಂಡು, ಅದೇ ವರ್ಷ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನ ಪಡೆದರು. ಕಿವಿ ಕೇಳುವುದು ಮಂದವಾದ್ದರಿಂದ ವೈದ್ಯವಿದ್ಯೆ ಕೈಗೂಡಲಿಲ್ಲ. ಅವರ ಚರಿತ್ರೆಯನ್ನು ಬರೆಯುವವರು ಅನೇಕರು ದೀಕ್ಷೆಗೆ ಬಂದು ನಿಲ್ಲುತ್ತಾರೆ. ಹೊಗಳುವವರೂ ಅಷ್ಟೇ, ಬಯ್ಯುವವರೂ ಅಷ್ಟೇ. ನನಗೆ ಸೋಜಿಗವೆನಿಸಿದ್ದು ಆಮೇಲಿನದು.

ಮಠದ ಸೋದರಿ ಜೆರಾಲ್ಡೀನ್ ಅವರಿಗೆ ರಮಾಬಾಯಿಯವರಲ್ಲಿ ತಾಯಿಯಂಥ ಪ್ರೀತಿ. ಆದರೆ ಶಿಷ್ಯೆಯಾದವಳು ಇಂಗ್ಲೆಂಡಿನ ಸಭೆ ಹೇಳಿದ್ದನ್ನೆಲ್ಲ ತಲೆಬಾಗಿ ಒಪ್ಪಬೇಕೆಂಬುದು ಅವರ ನಿರೀಕ್ಷೆ. ಶಿಷ್ಯೆಯಾದರೋ ತ್ರಿಯೇಕ ದೇವರ ತತ್ತ್ವವನ್ನು ಪ್ರಶ್ನಿಸಿದರು. ಮಾಂಸವನ್ನಾಗಲಿ ಮೊಟ್ಟೆಯನ್ನಾಗಲಿ ಮುಟ್ಟಲಿಲ್ಲ. ಅದು ಜಾತಿಯ ಹೆಮ್ಮೆಯೆಂದು ಸೋದರಿಗೆ ಕಂಡಿತು. ಧರಿಸಲು ಕೊಟ್ಟ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಏಕೆ, ತಮ್ಮ ಸಂಸ್ಕೃತ ಅದಕ್ಕಿಂತ ಯಾವುದರಲ್ಲಿ ಕಡಿಮೆ ಎಂದು ಕೇಳಿದರು. ಚೆಲ್ಟೆನ್‌ಹ್ಯಾಂ ಕಾಲೇಜಿನಲ್ಲಿ ಓದುತ್ತಿದ್ದಾಗ ಗಂಡಸರಿಗೂ ಪಾಠ ಹೇಳುವ ಮಾತು ಬಂತು. ಭಾರತದಲ್ಲಿದ್ದ ಬಿಷಪ್ಪರು ಅದು ತಕ್ಕದ್ದಲ್ಲವೆಂದರು. ತಮ್ಮ ತಂದೆಯಾಗಲಿ ಪತಿಯಾಗಲಿ ಇಂಥದಕ್ಕೆ ಎಂದೂ ಅಡ್ಡಿ ಹೇಳಿರಲಿಲ್ಲ. ಇಂಗ್ಲಿಷರು ಹೇಳುತ್ತಾರಲ್ಲಾ ಎಂದು ರಮಾಬಾಯಿಯವರಿಗೆ ಆಶ್ಚರ್ಯವಾಯಿತು! ಅವರ ಕಾಗದಗಳ ಸಾರವಿಷ್ಟು: ತಾವು ಸೇರಿದ್ದು ಕ್ರಿಸ್ತನ ಸಭೆಗೆ, ಒಂದು ದೇಶದ ಒಂದು ಪಂಗಡಕ್ಕಲ್ಲ, ಹುಟ್ಟೂರಿನ ಪುರೋಹಿತರ ನೊಗವನ್ನು ಬಹಳ ಕಷ್ಟದಿಂದ ಕಳಚಿಟ್ಟು ಬಂದವರು ಇನ್ನೊಂದು ನೊಗಕ್ಕೆ ಕೊರಳು ಕೊಡುವುದಿಲ್ಲ. ಒಬ್ಬನೇ ಕ್ರಿಸ್ತ, ಒಂದೇ ಪುಸ್ತಕ ಎನ್ನುವವರಲ್ಲಿ ಇಷ್ಟೊಂದು ಪಂಗಡಗಳೇಕೆ ಎಂಬ ಪ್ರಶ್ನೆ ಅವರನ್ನು ಬಹುಕಾಲ ಕಾಡಿತು.

ಇಷ್ಟೆಲ್ಲ ವಾದ ನಡೆದರೂ ಕಾಗದಗಳಲ್ಲಿ ಸೋದರಿಯನ್ನು ಅವರು ಕರೆಯುತ್ತಿದ್ದುದು ಆಜೀಬಾಯಿ, ಅಂದರೆ ಅಜ್ಜಿ ಎಂದೇ.

ಇಲ್ಲಿ ನನ್ನ ಮನೆಯ ಒಂದು ಮಾತನ್ನು ಹೇಳಲು ವಾಚಕರು ಅಪ್ಪಣೆ ಕೊಡಬೇಕು. ನಾನು ಪಿ.ಯು.ಸಿ. ಮುಗಿಸಿದಾಗ ನಮ್ಮೂರಿನ ಹಿರಿಯರೊಬ್ಬರು, ಹುಡುಗಿಗೆ ಓದಿದ್ದು ಸಾಕೆಂದು ಅಪ್ಪನಿಗೆ ಹೇಳಿದರು. ಅವರ ಮಾತನ್ನು ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಮೀರಿದ್ದಿಲ್ಲ. ಅಪ್ಪ ನಾಲ್ಕು ದಿನ ಯಾರೊಡನೆಯೂ ಮಾತಾಡಲಿಲ್ಲ. ಐದನೆಯ ದಿನ ನನ್ನೊಡನೆ ಕಾಲೇಜಿಗೆ ಬಂದು, ಅರ್ಜಿಯಲ್ಲಿ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದರು. ಆ ಹಿರಿಯರಿಗೆ ಅಪ್ಪ ಈಗಲೂ ಎದ್ದು ನಿಂತು ಕೈಮುಗಿಯುತ್ತಾರೆ. ಅಪ್ಪನಿಗೇಕೆ ಇಷ್ಟು ಅಂಜಿಕೆ ಎಂದು ನನಗೆ ಸಿಟ್ಟು ಬರುತ್ತಿತ್ತು. ಆಜೀಬಾಯಿಯ ಸಂಗತಿಯನ್ನು ಓದಿದ ಮೇಲೆ ಆ ಸಿಟ್ಟು ಇಳಿಯಿತು.

1886ರಲ್ಲಿ ರಮಾಬಾಯಿಯವರು ಅಮೆರಿಕಕ್ಕೆ ಹೋಗಿ, ಉಪನ್ಯಾಸಗಳಿಂದ ಹಣ ಕೂಡಿಸಿ ಬಂದು 1889ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಅಲ್ಲಿ ಯಾರ ಧರ್ಮಕ್ಕೂ ಕೈ ಹಾಕುವುದಿಲ್ಲವೆಂಬ ನಿಯಮವಿತ್ತು. ಮಿಷನರಿಗಳಲ್ಲಿ ಕೆಲವರು ಇದು ಸಾಲದೆಂದರು. ಸದನ ಪುಣೆಗೆ ಬಂದ ಮೇಲೆ, ರಮಾಬಾಯಿಯವರು ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದಾಗ ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದರು. ಇದು ಅತಿಯಾಯಿತೆಂದು 1893ರಲ್ಲಿ ರಾನಡೆ, ಭಂಡಾರ್ಕರರಂಥ ಹಿತೈಷಿಗಳೇ ಸಲಹಾ ಸಮಿತಿಯಿಂದ ಹೊರಬಂದರು. ಹೀಗೆ ಎರಡು ಕಡೆಯವರಿಗೂ ಬೇಡವಾದರೂ ಅವರು ಬಾಗಿಲು ಮುಚ್ಚಲಿಲ್ಲ. ಹುಡುಗಿಯರನ್ನು ನಂಬಿ ಕಳಿಸಿದ ಮನೆಯವರ ಆತಂಕವೂ ಸುಳ್ಳಲ್ಲವೆಂದೇ ನನ್ನ ಭಾವನೆ.

1896-97ರ ಬರಗಾಲದಲ್ಲಿ ಮಧ್ಯಪ್ರಾಂತದಿಂದ ಸುಮಾರು 300 ಮಂದಿ ಹೆಂಗಸರನ್ನೂ ಹುಡುಗಿಯರನ್ನೂ ಕರೆತಂದರು. ತಾವೇ ಬರದಲ್ಲಿ ಹಸಿದಿದ್ದವರಲ್ಲವೇ! ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಹೀಗೆ ಬೆಳೆದ ಆಶ್ರಮಕ್ಕೆ ಮುಕ್ತಿ ಎಂದು ಹೆಸರು. ಅದನ್ನು ಯಾವ ಪಂಗಡಕ್ಕೂ ಒಪ್ಪಿಸಲಿಲ್ಲ. ಅಮೆರಿಕದ ಮೆಥಡಿಸ್ಟ್ ಸಭೆಯ ಮಿನ್ನಿ ಏಬ್ರಮ್ಸ್ ಬಂದು ದುಡಿದರು, ಬೇರೆ ಬೇರೆ ಸಭೆಗಳವರೂ ಬಂದು ದುಡಿದರು.

ಆದರೆ ನನ್ನದೊಂದು ಸಂದೇಹವಿದೆ. ಮುಕ್ತಿಯ ಅನಾಥ ಹುಡುಗಿಯರಿಗೆ ತಾಯಿ, ತಂದೆ, ಗುರು ಎಲ್ಲವೂ ರಮಾಬಾಯಿಯವರೇ. ಆಜೀಬಾಯಿಯ ಪೀಠದಲ್ಲಿ ಈಗ ಅವರೇ ಕುಳಿತಿದ್ದರು. ಅನ್ನವಿಟ್ಟ ಕೈಯನ್ನು ಪ್ರಶ್ನಿಸುವ ಧೈರ್ಯ ಆ ಹುಡುಗಿಯರಿಗೆ ಎಲ್ಲಿಂದ ಬರಬೇಕು? ನಮ್ಮ ಅಧ್ಯಾಪಕರೊಬ್ಬರ ಮುಂದೆ ಈ ಮಾತೆತ್ತಿದಾಗ ಅವರು ನಕ್ಕು, ಇದನ್ನೂ ಬರೆ ಎಂದರು.

ಅವರು ಕೊನೆಯ ವರ್ಷಗಳಲ್ಲಿ ಕೈಗೊಂಡ ಕೆಲಸವನ್ನು ನೋಡಿದರೆ ಈ ಸಂದೇಹ ಅವರಿಗೂ ಬಂದಿದ್ದಿರಬಹುದೇ ಎನಿಸುತ್ತದೆ. ಹಿಂದಿದ್ದ ಮರಾಠಿ ಬೈಬಲ್ಲಿನ ಸಂಸ್ಕೃತಮಯ ಭಾಷೆ ಹಳ್ಳಿಯ ಹೆಂಗಸರಿಗೆ ತಿಳಿಯದೆಂದು, ತಾವೇ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಇಡೀ ಗ್ರಂಥವನ್ನು ಆಡುಮಾತಿನ ಮರಾಠಿಗೆ ಇಳಿಸಿದರು. ಸಂಸ್ಕೃತಕ್ಕಾಗಿ ವಾಂಟೇಜಿನಲ್ಲಿ ವಾದಿಸಿದ್ದ ಪಂಡಿತೆ ಇವರೇ! ನಡುವೆ, 1921ರಲ್ಲಿ, ತಮ್ಮ ನಂತರ ಆಶ್ರಮವನ್ನು ನಡೆಸಬೇಕಾಗಿದ್ದ ಮನೋರಮೆ ತೀರಿಕೊಂಡಳು. ಒಂದು ವರ್ಷ ತುಂಬುವ ಮೊದಲೇ, 1922ನೆಯ ಏಪ್ರಿಲ್ 5ರಂದು ರಮಾಬಾಯಿಯವರೂ ಹೋದರು. ಪೂರ್ಣ ಬೈಬಲ್ ಹೊರಬಂದದ್ದು ಆಮೇಲೆ, ಮುಕ್ತಿಯ ಅಚ್ಚುಕೂಟದಿಂದಲೇ. ಅಲ್ಲಿ ಮೊಳೆ ಜೋಡಿಸುತ್ತಿದ್ದವರು ಆಶ್ರಮದಲ್ಲಿ ಅಕ್ಷರ ಕಲಿತ ಹೆಂಗಸರು.